ಕೆರೆಯ ಆಚೆ ದಡದ ಚಾ

ಕಳೆದ ವಾರ ಒಂದು ಮದುವೆಗೆ ಹೋಗಿದ್ದೆ. ಕಲ್ಯಾಣಮಂಟಪದ ಗೇಟಿನಲ್ಲಿ ನಿಂತಿದ್ದಾಗ ಪರವೂರಿನವರಂತೆ ಕಾಣುವ ಒಬ್ಬರು ಹತ್ತಿರ ಬಂದು, "ಇಲ್ಲಿ ಒಳ್ಳೆ ಚಾ ಎಲ್ಲಿ ಸಿಗ್ತದೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಎಡಗೈ ತಾನಾಗಿ ಮೇಲೆದ್ದು ಎಡಕ್ಕೆ ತೋರಿಸಿಬಿಟ್ಟಿತು. ಎಡಕ್ಕೆ ಇದ್ದದ್ದು ಕಾಂಪೌಂಡು ಗೋಡೆ. ಆ ಮನುಷ್ಯ ಗೋಡೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಹೊರಟುಹೋದರು. ಪಕ್ಕದಲ್ಲಿದ್ದ ನನ್ನ ಹೆಂಡತಿ ಪುಷ್ಪಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಗತೊಡಗಿದಳು. "ನಿಮ್ಮ ಕೈಗೆ ಇನ್ನೂ ಬುದ್ಧಿ ಬರ್ಲಿಲ್ಲ!" ಅಂದಳು.

ಈ ಕೈಯ ಕಥೆ ಹೇಳದಿದ್ದರೆ ನೀವು ನನ್ನನ್ನು ಅರೆಮರುಳ ಎಂದುಕೊಳ್ಳುತ್ತೀರಿ. ಹೇಳಿದರೆ ಸಣ್ಣ ಮನುಷ್ಯ ಎಂದುಕೊಳ್ಳುತ್ತೀರಿ. ಎರಡರಲ್ಲಿ ಸಣ್ಣ ಮನುಷ್ಯ ಅನಿಸಿಕೊಳ್ಳುವುದೇ ನಿಜಕ್ಕೆ ಹತ್ತಿರವಾದದ್ದರಿಂದ ಹೇಳಿಯೇ ಬಿಡುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಮೂಡಬಿದಿರೆಯ ಹೊರಗೆ ಒಂದು ಕೆರೆಯ ದಡದಲ್ಲಿದ್ದ ಲಾಡ್ಜಿಗೆ ಮ್ಯಾನೇಜರ್ ಆಗಿ ಸೇರಿದೆ. ಮ್ಯಾನೇಜರ್ ಎಂದರೆ ದೊಡ್ಡದೇನೂ ಅಲ್ಲ. ಹನ್ನೊಂದು ರೂಮು, ಒಂದು ಮೇಜು, ಒಂದು ರಿಜಿಸ್ಟರು, ಮತ್ತು ಕೆರೆಗೆ ಮುಖ ಮಾಡಿದ ಜಗಲಿಯಲ್ಲಿ ನನ್ನ ಕುರ್ಚಿ. ಧಣಿಗಳು ಮುಂಬಯಿಯಲ್ಲಿದ್ದರು. ಲಾಡ್ಜಿಗೆ ಅಡುಗೆಮನೆ ಇರಲಿಲ್ಲ. ಹಾಗಾಗಿ ಬಸದಿ ನೋಡಲು ಬಂದವರು, ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬಂದವರು, ಧರ್ಮಸ್ಥಳದಿಂದ ಹಿಂದಿರುಗುವವರು, ಎಲ್ಲರೂ ಬ್ಯಾಗು ಕೆಳಗಿಟ್ಟ ಕೂಡಲೇ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇಲ್ಲಿ ಊಟಕ್ಕೆ, ಚಾಕ್ಕೆ ಎಲ್ಲಿ ಒಳ್ಳೆಯದುಂಟು?

ಆ ಪ್ರಶ್ನೆ ಕೇಳಿದರೆ ನನಗೆ ಎದೆ ಒಂದಿಂಚು ಉಬ್ಬುತ್ತಿತ್ತು. ಏಕೆಂದರೆ ಆ ವಿದ್ಯೆ ನನಗೆ ಅಪ್ಪನಿಂದ ಬಂದದ್ದು. ನನ್ನ ಅಪ್ಪ ಸೇಸಪ್ಪ ಸರ್ವಿಸ್ ಬಸ್ಸಿನ ಡ್ರೈವರ್. ಮೂಡಬಿದಿರೆಯಿಂದ ವೇಣೂರಿನ ಮೇಲಾಗಿ ಬೆಳ್ತಂಗಡಿಗೆ ಕೆಲವು ವರ್ಷ, ಸಿದ್ದಕಟ್ಟೆಯ ಮೇಲಾಗಿ ಬಂಟ್ವಾಳಕ್ಕೆ ಕೆಲವು ವರ್ಷ. ದಾರಿಯಲ್ಲಿ ಎಷ್ಟು ತಿರುವುಗಳಿದ್ದವೋ ಅಪ್ಪನಿಗೆ ಅಷ್ಟು ಹೋಟೆಲುಗಳ ರುಚಿ ಗೊತ್ತಿತ್ತು. ಶಾಲೆಯ ರಜೆಯಲ್ಲಿ ನಾನು ಮತ್ತು ನನ್ನ ಕ್ಲಾಸಿನ ಹಮೀದ್, ಡ್ರೈವರ್ ಸೀಟಿನ ಪಕ್ಕದ ಬಾನೆಟ್ಟಿನ ಮೇಲೆ ಕೂತು ಕುಂಡೆ ಸುಡಿಸಿಕೊಳ್ಳುತ್ತಾ ಅಪ್ಪನ ಜೊತೆ ಹೋಗುತ್ತಿದ್ದೆವು. ಬಸ್ಸು ನಿಂತಲ್ಲೆಲ್ಲ ಡ್ರೈವರನ ಹಿಂದೆ ನಾವಿಬ್ಬರು. ವೇಣೂರಿನಲ್ಲಿ ಚಾ ಕುಡಿಯಬೇಕು, ತಿಂಡಿ ಮುಟ್ಟಬಾರದು. ಬೆಳ್ತಂಗಡಿಯಲ್ಲಿ ಬನ್ಸ್ ತಿನ್ನಬೇಕು, ಚಾ ಮುಟ್ಟಬಾರದು. ಬಂಟ್ವಾಳದಲ್ಲಿ ಹೊಳೆಬದಿಯ ಹೋಟೆಲಿನ ಮೀನಿನ ಸಾರು ಮಧ್ಯಾಹ್ನ ಒಂದು ಗಂಟೆಯ ಒಳಗಾದರೆ ಸೈ, ಆಮೇಲೆ ಅದಕ್ಕೆ ನೀರು ಬೀಳುತ್ತದೆ. ಉಜಿರೆಯ ಬಗ್ಗೆ ಅಪ್ಪ ಹೇಳುತ್ತಿದ್ದದ್ದು ಇಷ್ಟೇ: "ಅಲ್ಲಿ ತಿನ್ನುವವರು ಹಾಸ್ಟೆಲ್ ಮಕ್ಕಳು. ಅವರಿಗೆ ಹಸಿವೆ ಉಂಟು, ನಾಲಿಗೆ ಇಲ್ಲ."

ಬಾನೆಟ್ಟಿನ ಮೇಲೆ ಕೂತೇ ನಾನೂ ಹಮೀದನೂ ದೊಡ್ಡವರಾದ ಮೇಲೆ ಒಟ್ಟಿಗೆ ಒಂದು ಹೋಟೆಲು ಇಡುವುದೆಂದು ನಿಶ್ಚಯಿಸಿದ್ದೆವು. ಅವನು ಅಡುಗೆ, ನಾನು ಎದುರಿಗೆ ಕೂತು ಗಿರಾಕಿಗಳನ್ನು ಮಾತಾಡಿಸುವುದು. ಹತ್ತನೇ ಕ್ಲಾಸು ಮುಗಿದ ಎರಡು ವರ್ಷಕ್ಕೆ ಹಮೀದ್ ಗಲ್ಫಿಗೆ ಹೋದ. ಅಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಹನ್ನೆರಡು ವರ್ಷ ದುಡಿದ. ಬರುವ ಮುಂಚೆ ಕಾಗದ ಬರೆದ. "ಜಯಂತ, ನಾನು ವಾಪಸು ಬರ್ತೇನೆ. ನೀನು ಬರುವುದಾದರೆ ಹೋಟೆಲು ಇಡುವ." ನಾನು ಆ ಕಾಗದವನ್ನು ಎರಡು ದಿನ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಆಮೇಲೆ, ಲಾಡ್ಜಿನ ಕೆಲಸ ಭದ್ರವಾಗಿದೆ, ಈಗಷ್ಟೇ ಮದುವೆಯಾಗಿದೆ, ನೀನು ಮಾಡು, ದೇವರು ಒಳ್ಳೆಯದು ಮಾಡಲಿ ಎಂದು ಬರೆದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನೀವು ನನ್ನ ಪಕ್ಷ ವಹಿಸುವ ತೊಂದರೆ ತೆಗೆದುಕೊಳ್ಳಬಾರದು. ನಾನು ಬೇಡವೆಂದು ಬಿಟ್ಟ ಎಲೆಯಲ್ಲಿ ಇನ್ನೊಬ್ಬ ಕೂತು ಉಂಡದ್ದನ್ನು ನೋಡಿ ಹೊಟ್ಟೆ ಉರಿಸಿಕೊಂಡವನು ನಾನು.

ಹಮೀದ್ ಬಂದ. ಎಲ್ಲ ಬಿಟ್ಟು ನಮ್ಮ ಕೆರೆಯ ಆಚೆ ದಡದಲ್ಲೇ, ಸರಿಯಾಗಿ ನನ್ನ ಜಗಲಿಯ ಎದುರಿಗೇ ಹೋಟೆಲು ಕಟ್ಟಿಸಿದ. ಹೆಂಚಿನ ಮಾಡು, ಐದು ಮೇಜು, ನೀರಿನ ಕಡೆಗೆ ತೆರೆದ ದೊಡ್ಡ ಕಿಟಕಿಗಳು. ನೀರಿನ ಮೇಲೆ ಹಾರುವ ಹಕ್ಕಿಗೆ ಅರ್ಧ ನಿಮಿಷದ ದಾರಿ. ನಮಗೆ ಲಾಡ್ಜಿನಿಂದ ಬಲಕ್ಕೆ ಹೊರಟು ಏರಿಯ ಮೇಲೆ ಹತ್ತು ನಿಮಿಷದ ನಡಿಗೆ. ಪೇಟೆ ಎಡಕ್ಕೆ. ಈ ಎಡ ಬಲವನ್ನು ದಯವಿಟ್ಟು ನೆನಪಿಡಿ.

ಹೋಟೆಲಿನ ಆರಂಭಕ್ಕೆ ಅವನೇ ಬಂದು ಕರೆದ. "ಬೆಳಿಗ್ಗೆಯೇ ಬಾ ಮಾರಾಯ, ಮೊದಲಿನ ಚಾ ನಿನಗೆ." ಆ ಬೆಳಿಗ್ಗೆ ನನಗೆ ಜ್ವರ ಬಂತು. ಅಂದರೆ, ಬಂತು ಎಂದು ಹೇಳಿ ಕಳಿಸಿದೆ. ಹೋದದ್ದು ಅಪ್ಪ. ಅಪ್ಪನಿಗೆ ಆಗ ರಿಟೈರಾಗಿ ಎರಡು ವರ್ಷ. ಬಸ್ಸಿಲ್ಲದೆ, ಹೋಟೆಲುಗಳಿಲ್ಲದೆ, ಮನೆಯಲ್ಲಿ ಚಾ ಕುಡಿದು ಮುಖ ಹುಳಿ ಮಾಡಿಕೊಂಡು ಕೂರುತ್ತಿದ್ದರು. ನನ್ನ ಅಮ್ಮ ಇದ್ದಷ್ಟು ಕಾಲ ಅಮ್ಮನ ಚಾಕ್ಕೆ, ಆಮೇಲೆ ಪುಷ್ಪಾಳ ಚಾಕ್ಕೆ, ಒಂದು ದಿನವೂ ಒಳ್ಳೆಯದಾಗಿದೆ ಎಂದವರಲ್ಲ. ನಾನು ಲಾಡ್ಜಿಗೆ ಸೇರಿದ ದಿನ ಅಪ್ಪ ಹೇಳಿದ್ದು, "ಹ್ಞೂಂ. ಕೂತು ಮಾಡುವ ಕೆಲಸ" ಎಂದಷ್ಟೇ.

ಅಂಥ ಅಪ್ಪ ಹಮೀದನ ಹೋಟೆಲಿನಿಂದ ಹಿಂದಿರುಗಿ, ಚಪ್ಪಲಿ ಬಿಡುತ್ತಾ, ಯಾರನ್ನೂ ನೋಡದೆ ಹೇಳಿದರು: "ಚಾ ಅಂದ್ರೆ ಅದು!"

ನಾನು ಸುಳ್ಳುಜ್ವರದಲ್ಲಿ ಹೊದ್ದು ಮಲಗಿದ್ದೆ. ಆ ಮಾತು ಕೇಳಿ ಮೈ ನಿಜವಾಗಿಯೂ ಬಿಸಿಯಾಯಿತು.

ಮರುದಿನದಿಂದ ಅಪ್ಪನಿಗೆ ಅದೇ ಡ್ಯೂಟಿ. ಸಂಜೆ ನಾಲ್ಕೂವರೆಗೆ ಕೊಡೆ ಹಿಡಿದು, ಲಾಡ್ಜಿನ ಎದುರಿನಿಂದಲೇ ಬಲಕ್ಕೆ ಹೋಗುವುದು. ನನ್ನ ಜಗಲಿಯ ಕಡೆ ಒಮ್ಮೆ ನೋಡಿ ತಲೆ ಅಲ್ಲಾಡಿಸುತ್ತಿದ್ದರು, ಎದುರು ಬರುವ ಬಸ್ಸಿನ ಡ್ರೈವರನಿಗೆ ಮಾಡುವ ಹಾಗೆ. ಆರು ಗಂಟೆಗೆ ವಾಪಸು. ಮನೆಗೆ ಬಂದ ಮೇಲೆ ಹಮೀದನ ವರದಿ. ಇವತ್ತು ಹುಳಿಖಾರ ಹಾಕಿ ಬಂಗುಡೆ ಪುಳಿಮುಂಚಿ ಮಾಡಿದ್ದ. ಇವತ್ತು ಅಕ್ಕಿಯ ಪುಂಡಿ, ಹಬೆಯಲ್ಲಿ ಬೆಂದ ಉಂಡೆ ಮಲ್ಲಿಗೆಯ ಹಾಗೆ. ಹಾಲಿಲ್ಲದೆ, ಏಲಕ್ಕಿ ಹಾಕಿ, ಲಿಂಬೆ ಹಿಂಡಿ ಅವನೊಂದು ಚಾ ಮಾಡ್ತಾನೆ, ಸುಲೈಮಾನಿ ಅಂತ ಹೆಸರು, ಗಂಟಲಿನಿಂದ ಇಳಿಯುವಾಗ ಹಾಡು ಹೇಳ್ತದೆ. ಅಪ್ಪನ ಬಾಯಿಂದ ಹಾಡು ಎಂಬ ಶಬ್ದವನ್ನು ನಾನು ಅದೇ ಮೊದಲು ಕೇಳಿದ್ದು.

ಒಂದು ಭಾನುವಾರ ಪುಷ್ಪಾ ತವರಿಗೆಂದು ಹೊರಟ ಮೇಲೆ ನಾನೇ ಸುಲೈಮಾನಿ ಮಾಡಲು ಹೊರಟೆ. ಅಪ್ಪ ಹೇಳಿದ್ದರಲ್ಲಿ "ಹಾಲಿಲ್ಲದೆ" ಎಂಬ ಭಾಗ ಸಿಟ್ಟಿನಲ್ಲಿ ನನ್ನ ಕಿವಿಗೆ ಬಿದ್ದಿರಲಿಲ್ಲ. ಕುದಿಯುವ ಹಾಲಿನ ಚಾಕ್ಕೆ ಅರ್ಧ ಲಿಂಬೆ ಹಿಂಡಿದೆ. ಪಾತ್ರೆಯಲ್ಲಿ ಆದದ್ದನ್ನು ಸೋಸಲೂ ಆಗಲಿಲ್ಲ. ಬಸ್ಸು ತಪ್ಪಿ ಸ್ಟ್ಯಾಂಡಿನಿಂದಲೇ ಹಿಂದಿರುಗಿದ ಪುಷ್ಪಾ ಅದನ್ನು ಚಮಚದಲ್ಲಿ ಎತ್ತಿ ನೋಡಿ, "ಇದನ್ನು ಕುಡಿಯುವುದಾ, ಪಲ್ಯ ಮಾಡುವುದಾ?" ಎಂದು ಕೇಳಿದಳು.

ಎಡಗೈ ಎತ್ತುವುದು ಶುರುವಾದದ್ದು ಆ ದಿನಗಳಲ್ಲೇ. ಯಾರಾದರೂ ಊಟಕ್ಕೆ ಎಲ್ಲಿ ಎಂದು ಕೇಳಿದರೆ ನಾನು ಎದ್ದು ನಿಂತು, ಎಡಗೈ ಚಾಚಿ, ಪೇಟೆಯ ಒಂದೊಂದು ಹೋಟೆಲಿನ ಗುಣವನ್ನೂ ವರ್ಣಿಸುತ್ತಿದ್ದೆ. ಬೇಕಾದರೆ ಶಿರ್ತಾಡಿಯವರೆಗೂ ಕಳಿಸುತ್ತಿದ್ದೆ, "ಸ್ವಲ್ಪ ದೂರ, ಆದರೆ ಹೋದದ್ದಕ್ಕೆ ಮೋಸ ಇಲ್ಲ" ಎಂದು. ಆಚೆ ದಡದಲ್ಲಿ ಹೊಗೆ ಕಾಣುತ್ತದಲ್ಲ, ಅದೇನು ಎಂದು ಕೇಳಿದರೆ, "ಅದಾ? ಅದು ಇವತ್ತು ಬಂದ್" ಎನ್ನುತ್ತಿದ್ದೆ. ಬಂದ್ ಆದ ಹೋಟೆಲಿನಿಂದ ಹೊಗೆ ಯಾಕೆ ಬರುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಮ್ಯಾನೇಜರನ ಕುರ್ಚಿಗೆ ಅಷ್ಟು ಮರ್ಯಾದೆ ಇತ್ತು.

ಹೊಸ ಶತಮಾನ ಬಂದಾಗ ಕೆರೆಗೂ ದೆಸೆ ಬಂತು. ಯಾರೋ ಹಂಸದ ಆಕಾರದ ಎರಡು ಪೆಡಲು ಬೋಟು ತಂದು ಬಿಟ್ಟರು. ಸುತ್ತ ಕಲ್ಲಿನ ಬೆಂಚು, ಬಣ್ಣದ ದೀಪ ಬಂದವು. ನಮ್ಮ ಧಣಿಗಳು ಮುಂಬಯಿಯಿಂದಲೇ ಫೋನು ಮಾಡಿ ಲಾಡ್ಜಿನ ಬೋರ್ಡಿನಲ್ಲಿ ರೆಸಾರ್ಟ್ ಎಂದು ಬರೆಸಿದರು. ಸೊಳ್ಳೆ ಮಾತ್ರ ಲಾಡ್ಜಿನ ಕಾಲದ್ದೇ. ಸುತ್ತಮುತ್ತ ಎಳನೀರಿನ ಬೊಂಡದ ಅಂಗಡಿ, ಕಬ್ಬಿನ ಹಾಲಿನ ಗಾಡಿ, ಐಸ್‌ಕ್ರೀಮಿನ ಒಂದು ಪಾರ್ಲರು, ಮಾವಿನ ಮರದ ಹಿಂದೆ ಪರದೆ ಇಳಿಬಿಟ್ಟ ಒಂದು ಬಾರು. ಆ ಬಾರಿಗೆ ಹೋಗುವವರು ಬೋಟು ನೋಡಲು ಹೊರಟವರ ಹಾಗೆ ಹೊರಟು ಮಾವಿನ ಮರದ ಹತ್ತಿರ ಮಾಯವಾಗುತ್ತಿದ್ದರು. ನನ್ನ ಪಟ್ಟಿ ಉದ್ದವಾಯಿತು. ಎಲ್ಲರಿಗೂ ಅದರಲ್ಲಿ ಜಾಗ ಸಿಕ್ಕಿತು. ಒಬ್ಬನನ್ನು ಬಿಟ್ಟು.

ನೀವು ಕೇಳಬಹುದು, ನಾನು ಅಷ್ಟು ವರ್ಷ ಅಲ್ಲಿಗೆ ಹೋಗಲೇ ಇಲ್ಲವೇ ಎಂದು. ಇಲ್ಲ. ಮೊದಲು ಸಿಟ್ಟಿನಿಂದ ಹೋಗಲಿಲ್ಲ, ಆಮೇಲೆ ನಾಚಿಕೆಯಿಂದ. ಹಮೀದ್ ಪೇಟೆಯಲ್ಲಿ ಸಿಕ್ಕಿದರೆ, "ಎಂತ ಜಯಂತ, ಬರುವುದೇ ಇಲ್ಲ" ಎನ್ನುತ್ತಿದ್ದ. "ಪುರುಸೊತ್ತಿಲ್ಲ ಮಾರಾಯ" ಎನ್ನುತ್ತಿದ್ದೆ. ಹನ್ನೊಂದು ರೂಮಿನಲ್ಲಿ ಎಂಟು ಖಾಲಿ ಇರುವವನ ಪುರುಸೊತ್ತು!

ಹೀಗಿರುವಾಗ ಒಂದು ಏಪ್ರಿಲ್ ತಿಂಗಳ ಭಾನುವಾರ, ಮದುವೆಗಳ ಮುಹೂರ್ತ ಜೋರಾಗಿದ್ದ ದಿನ, ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಜೀಪಿನಲ್ಲಿ ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮತ್ತು ಗಂಡನ ತಾಯಿ, ಎಪ್ಪತ್ತು ದಾಟಿದ ಅಜ್ಜಿ. ಮಧ್ಯಾಹ್ನ ಎರಡೂವರೆ. ಬೆಳಿಗ್ಗೆ ಧರ್ಮಸ್ಥಳದಿಂದ ಹೊರಟವರು ದಾರಿಯಲ್ಲಿ ಟಯರು ಪಂಕ್ಚರಾಗಿ ತಡವಾಗಿದ್ದರು. ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡರು. ಮಗ ಕೇಳಿದ, "ಮ್ಯಾನೇಜರ್ರೇ, ಊಟಕ್ಕ ಎಲ್ಲಿ ಛಲೋ ಐತಿ? ನಮ್ಮವ್ವ ಮುಂಜಾನಿಂದ ಏನೂ ತಿಂದಿಲ್ರಿ."

ಎರಡೂವರೆಗೆ ಪೇಟೆಯಲ್ಲಿ ಊಟ ಸಿಗುವುದು ಕಷ್ಟ, ಹಮೀದ್ ನಾಲ್ಕು ಗಂಟೆಯವರೆಗೂ ಅನ್ನ ಇಟ್ಟುಕೊಂಡಿರುತ್ತಾನೆ, ಎರಡೂ ನನಗೆ ಗೊತ್ತಿತ್ತು. ಅಪ್ಪನ ವರದಿಯಿಂದ ಗೊತ್ತಿತ್ತು. ಆದರೂ ಕೈ ಎಡಕ್ಕೆ ಎದ್ದಿತು.

"ಅಲ್ಲೊಂದು ಕಾಣ್ತದಲ್ರಿ?" ಮಗ ನೀರಿನಾಚೆ ನೋಡುತ್ತಾ ಕೇಳಿದ.

"ಅದು ಇವತ್ತು ಬಂದ್" ಅಂದೆ. ನಾಲಿಗೆಗೆ ರೂಢಿಯಾಗಿತ್ತು.

ಜೀಪು ಎಡಕ್ಕೆ ಹೋಯಿತು. ಅಜ್ಜಿ ಹತ್ತುವಾಗ ಮಗನ ತೋಳು ಹಿಡಿದದ್ದು, ಒಮ್ಮೆಗೆ ಹತ್ತಲಾಗದೆ ನಿಂತು ಇನ್ನೊಮ್ಮೆ ಪ್ರಯತ್ನಿಸಿದ್ದು ನನ್ನ ಕಣ್ಣಿಗೆ ಬಿತ್ತು. ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಒಂದು ಸಾಲೂ ಓದಲಾಗಲಿಲ್ಲ.

ಒಂದು ಗಂಟೆಯ ಮೇಲೆ ಜೀಪು ಬಂತು. ಬಂದದ್ದು ಬಲದಿಂದ. ಕೆರೆಗೆ ಸುತ್ತು ಹಾಕಿಕೊಂಡು, ಏರಿಯ ದಾರಿಯಲ್ಲಿ. ಹಿಂದಿನ ಬಾಗಿಲು ತೆರೆದು ಮೊದಲು ಇಳಿದವನು ಹಮೀದ್. ಅವನು ಕೈಕೊಟ್ಟು ಅಜ್ಜಿಯನ್ನು ಮೆಲ್ಲಗೆ ಇಳಿಸಿದ. ಅವನ ಇನ್ನೊಂದು ಕೈಯಲ್ಲಿ ಫ್ಲಾಸ್ಕು ಇತ್ತು. ಮಗ ಮಾತ್ರ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ನನ್ನ ಮೇಜಿಗೆ ಬಂದ.

"ಏನ್ರಿ ನೀವು? ಪ್ಯಾಟ್ಯಾಗ ಎಲ್ಲಾ ಕಡೆ ಊಟ ಮುಗದಿತ್ತು. ಇನ್ನೊಂದು ದಾರಿಲಿ ಬರೂವಾಗ ಇವರ ಹೋಟೆಲಿನ ಮುಂದ ನಮ್ಮವ್ವ ತಲಿ ತಿರುಗಿ ನನ್ನ ಮ್ಯಾಲೆ ಬಿದ್ಲು. ಇವರು ಓಡಿ ಬಂದು ಒಳಗ ಕರಕೊಂಡು ಹೋಗಿ, ನೀರು ಹೊಡದು, ಗಂಜಿ ಕುಡಿಸಿದ್ರು. ನೀವು ಬಂದ್ ಅಂದ್ರಿ. ಬಾಗಲಾ ತಗದಽ ಇತ್ತಲ್ರಿ!"

ನಾನು ಎದ್ದು ನಿಂತಿದ್ದೆ. ಮಕ್ಕಳು ನೋಡುತ್ತಿದ್ದರು. ಅವನ ಹೆಂಡತಿ ನೋಡುತ್ತಿದ್ದಳು. ಹಮೀದನ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಗ ಹಮೀದನ ದನಿ ಕೇಳಿತು. ಪರವೂರಿನವರ ಹತ್ತಿರ ಮಾತಾಡುವಾಗ ಬರುವ ನಮ್ಮ ನಿಧಾನದ, ಶಾಲೆಯ ಕನ್ನಡ. "ಅವರದ್ದು ತಪ್ಪಿಲ್ಲ ಸಾರ್. ಬೆಳಿಗ್ಗೆಯಿಂದ ಬಂದ್ ಆಗಿಯೇ ಇತ್ತು. ಮನೆಯಲ್ಲಿ ಸ್ವಲ್ಪ ಕೆಲಸ ಇತ್ತು. ನೀವು ಬರುವಾಗಷ್ಟೇ ನಾನು ಬಾಗಿಲು ತೆಗೆದದ್ದು."

ಮಗ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದ. ಸಿಟ್ಟು ಇಳಿದು, "ಹಂಗಾ? ತಪ್ಪು ತಿಳೀಬ್ಯಾಡ್ರಿ" ಎಂದ. ನನ್ನ ಹತ್ತಿರ ಕ್ಷಮೆ ಕೇಳಿದ! ನಾನು, "ಪರವಾಗಿಲ್ಲ" ಎಂದೆ. ಇಂಥ ಹೊತ್ತಿನಲ್ಲಿ ಪರವಾಗಿಲ್ಲ ಎನ್ನುವ ಮನುಷ್ಯನಿಗೆ ಏನು ಹೇಳಬೇಕು, ನೀವೇ ಹೇಳಿ.

ಅಜ್ಜಿಗೆ ಈಗ ಮುಖದಲ್ಲಿ ಗೆಲುವಿತ್ತು. ನನ್ನ ಕುರ್ಚಿಯಲ್ಲೇ ಕೂತು ಹೇಳಿದರು, "ಎಂಥಾ ಗಂಜಿರೀ! ಮ್ಯಾಲೆ ಕಾಯಿ ಚಟ್ನಿ. ನನ್ನ ತವರುಮನಿ ನೆಪ್ಪಾತು. ನೀವು ದಿನಾ ಅಲ್ಲೇ ಉಣ್ತೀರೇನಪಾ?"

"ಹೌದಜ್ಜಿ" ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ.

"ದಿನಾ ಬರ್ತಾರೆ" ಎಂದ ಹಮೀದ್, ಫ್ಲಾಸ್ಕನ್ನು ಅಜ್ಜಿಯ ಪಕ್ಕಕ್ಕೆ ಇಡುತ್ತಾ. "ಇವರಿಗೆ ಅಂತ ನಮ್ಮಲ್ಲಿ ಒಂದು ಮೇಜೇ ಉಂಟು." ಹಾಗೆಂದು ನನ್ನ ಕಡೆ ತಿರುಗದೆ ಮೆಟ್ಟಿಲಿಳಿದು ಹೋದ. ಜೀಪಿನಲ್ಲಿ ಬಿಡುತ್ತೇವೆ ಎಂದರೂ ಕೇಳದೆ ಏರಿಯ ಮೇಲೆ ನಡೆದುಕೊಂಡೇ ಹೋದ. ಬಿಳಿ ಅಂಗಿಯ ಬೆನ್ನು ಸಣ್ಣದಾಗುತ್ತಾ ಹೋಗುವುದನ್ನು ನಾನು ನೋಡುತ್ತಲೇ ಇದ್ದೆ.

ನಿಮಗೆ ಸುಳ್ಳು ಹೇಳುವುದಿಲ್ಲ. ಆಗ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. ಇನ್ನೂ ಹೆಚ್ಚಿನ ಹೊಟ್ಟೆಕಿಚ್ಚು. ಅಡುಗೆಯಲ್ಲಿ ನನಗಿಂತ ಮೇಲು, ಆಯಿತು. ಅಪ್ಪನ ಮನಸ್ಸಿನಲ್ಲಿ ಮೇಲು, ಆಯಿತು. ಈಗ ಗುಣದಲ್ಲೂ ಮೇಲಾಗಿಬಿಟ್ಟನಲ್ಲ! ಮನುಷ್ಯನಿಗೆ ಒಂದಾದರೂ ಬಿಟ್ಟುಕೊಡಬಾರದೇ? ಪಶ್ಚಾತ್ತಾಪ ಬಂದದ್ದು ಆಮೇಲೆ, ಆ ಅಜ್ಜಿ ರೂಮಿಗೆ ಹೋಗುವಾಗ ನನ್ನ ಕೆನ್ನೆ ಸವರಿ, "ಪುಣ್ಯೇದ ಊರು ನಿಮ್ದು" ಎಂದಾಗ. ಆ ಕೈ ತಣ್ಣಗಿತ್ತು. ಹಮೀದನ ಬಾಗಿಲು ಆ ದಾರಿಯಲ್ಲಿ ಇರದಿದ್ದರೆ, ಎಂದು ಒಂದು ಯೋಚನೆ ಬಂತು. ಅದನ್ನು ಪೂರ್ತಿ ಮಾಡಲು ನನಗಾಗಲಿಲ್ಲ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ತಿಂಡಿಯ ಗಲಾಟೆ ಮುಗಿಯುವ ಹೊತ್ತಿಗೆ, ನಾನು ಬಲಕ್ಕೆ ಹೊರಟೆ. ಹತ್ತು ನಿಮಿಷದ ದಾರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಹಮೀದ್ ಮೇಜು ಒರೆಸುತ್ತಿದ್ದ. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಕಿಟಕಿಯ ಪಕ್ಕದ ಮೇಜು ತೋರಿಸಿ, "ಕೂತ್ಕೋ, ನಿನ್ನ ಮೇಜು" ಎಂದ. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೂತು ಹೊರಗೆ ನೋಡಿದೆ. ನೀರಿನಾಚೆ ನನ್ನ ಲಾಡ್ಜು. ಜಗಲಿ. ಮೇಜು. ಖಾಲಿ ಕುರ್ಚಿ. ಕಂಬಕ್ಕೆ ತೂಗುಹಾಕಿದ ಕ್ಯಾಲೆಂಡರು ಗಾಳಿಗೆ ಅಲ್ಲಾಡುವುದೂ ಕಾಣುತ್ತಿತ್ತು.

"ಎಲ್ಲ ಕಾಣ್ತದೆ" ಎಂದ ಹಮೀದ್. "ನೀನು ಏಳುವುದು, ಎಡಕ್ಕೆ ಕೈ ಮಾಡುವುದು, ಅವರು ಇಲ್ಲಿಗೆ ಬೆರಳು ತೋರಿಸುವುದು, ನೀನು ಹೀಗೆ ಹೀಗೆ ಕೈ ಬೀಸುವುದು. ಮೊದಲಿನ ವರ್ಷದಿಂದ ನೋಡ್ತಾ ಇದ್ದೇನೆ."

"ಮತ್ತೆ ನನ್ನ ಹತ್ತಿರ ಕೇಳ್ಲಿಲ್ಲ ಯಾಕೆ?"

"ಕೇಳಿದ್ರೆ ಎಂತ ಹೇಳ್ತಿದ್ದಿ? ಜ್ವರ ಅಂತ ಹೇಳ್ತಿದ್ದಿ."

ನಾನು ಮೇಜಿನ ಮೇಲಿನ ನೀರಿನ ಹನಿಯನ್ನು ಬೆರಳಿನಿಂದ ಎಳೆಯುತ್ತಾ ಕೂತೆ. ಅವನು ಎದುರಿಗೆ ಕೂತ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ನನಗೆ ಗಿರಾಕಿ ಹೋದದ್ದಕ್ಕೆ ಬೇಜಾರಿಲ್ಲ ಜಯಂತ. ನಿನ್ನೆಯದ್ದು ಸರಿಯಾಗ್ಲಿಲ್ಲ. ಆ ಅಜ್ಜಿ ನನ್ನ ಕೈಯಲ್ಲಿ ಕಣ್ಣು ಮೇಲೆ ಮಾಡಿದ್ರು. ಯಾಕೆ ಮಾರಾಯ? ನಾನು ನಿನಗೆ ಎಂತ ಮಾಡಿದ್ದು?"

ಏನೂ ಮಾಡಿರಲಿಲ್ಲ. ಅದೇ ಕಷ್ಟ. ಕೊನೆಗೆ ಹೇಳಿದೆ. "ಅಪ್ಪ ಮನೆಗೆ ಬಂದು ದಿನಾ ನಿನ್ನನ್ನೇ ಹೊಗಳ್ತಾರೆ. ನಿನ್ನ ಚಾ, ನಿನ್ನ ಪುಂಡಿ. ಇಷ್ಟು ವರ್ಷದಲ್ಲಿ ನನಗೆ ಒಂದು ಒಳ್ಳೆ ಮಾತು ಹೇಳಿದವರಲ್ಲ."

ನಲವತ್ತರ ಹತ್ತಿರದ ಗಂಡಸು, ಇಬ್ಬರು ಮಕ್ಕಳ ತಂದೆ, ಹೋಟೆಲಿನ ಮೇಜಿನಲ್ಲಿ ಕೂತು ಅಪ್ಪ ನನ್ನನ್ನು ಹೊಗಳುವುದಿಲ್ಲ ಎಂದು ಹೇಳಿದೆ.

ಹಮೀದ್ ನನ್ನನ್ನೇ ನೋಡಿದ. "ಸೇಸಪ್ಪಣ್ಣ? ನನ್ನನ್ನು? ಹೊಗಳುವುದು?"

"ಹೌದು. ಹಾಡು ಹೇಳ್ತದಂತೆ ನಿನ್ನ ಚಾ."

ಅವನು ಎದ್ದು ನಿಂತೇಬಿಟ್ಟ. "ಯಾ ಅಲ್ಲಾ! ಜಯಂತ, ಆ ಮನುಷ್ಯ ದಿನಾ ಇಲ್ಲಿ ಕೂತು, ಈ ಚಾ ಬರೀ ಬಿಸಿನೀರು ಅಂತ ಹೇಳ್ತಾರೆ. ಲಿಂಬೆ ಹೆಚ್ಚಾಯ್ತು, ಏಲಕ್ಕಿ ಹಳೆಯದು. ಒಂದು ದಿನ ಒಳ್ಳೆದುಂಟು ಅಂತ ಬಾಯಿಬಿಟ್ಟವರಲ್ಲ. ಆಮೇಲೆ ನಿನ್ನ ಸುದ್ದಿ. ಜಯಂತನ ಲಾಡ್ಜು ನೋಡು, ಒಂದು ತಿಗಣೆ ಇಲ್ಲ. ಜಯಂತನ ರಿಜಿಸ್ಟರು ನೋಡು, ಅಕ್ಷರ ಅಂದ್ರೆ ಅಚ್ಚು ಹಾಕಿದ ಹಾಗೆ. ಜಯಂತ ಹಾಗೆ, ಜಯಂತ ಹೀಗೆ. ಕೇಳಿ ಕೇಳಿ ನನ್ನ ಹೊಟ್ಟೆ ಉರಿದು ಹೋಗಿದೆ. ಇಲ್ಲಿಗೆ ಬಂದವರು ಹತ್ತಿರ ರೂಮು ಉಂಟಾ ಅಂತ ಕೇಳಿದ್ರೆ..." ಎಂದವನು ತಟ್ಟನೆ ನಿಲ್ಲಿಸಿದ.

"ಕೇಳಿದ್ರೆ?"

ಹಮೀದ್ ಒರೆಸಿದ ಮೇಜನ್ನೇ ಮತ್ತೆ ಒರೆಸತೊಡಗಿದ. "ಎಲ್ಲ ಫುಲ್ಲು ಅಂತ ಹೇಳಿದ್ದುಂಟು. ಎರಡು ಸಲ."

"ಎರಡೇ ಸಲವಾ?"

"ಸ್ವಲ್ಪ ಹೆಚ್ಚು ಇರಬಹುದು" ಎಂದ.

ನಗು ಯಾರಿಗೆ ಮೊದಲು ಬಂತೋ ನೆನಪಿಲ್ಲ. ಒಳಗಿನಿಂದ ಅವನ ಹೆಂಡತಿ ಏನಾಯಿತೆಂದು ಬಂದು ನೋಡಿ ಹೋದಳು. ನಕ್ಕು ಮುಗಿದ ಮೇಲೆ ಅವನು ಚಾ ತಂದಿಟ್ಟ. ಗಾಜಿನ ಲೋಟದಲ್ಲಿ ಕೆಂಪು ಬಣ್ಣದ, ಹಾಲಿಲ್ಲದ ಚಾ. ಕುಡಿದೆ. ಇಷ್ಟು ವರ್ಷ ಇದನ್ನು ಬಿಟ್ಟು ಕೂತಿದ್ದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. "ಹೇಗುಂಟು?" ಎಂದು ಕೇಳಿದ. ಅಪ್ಪನ ಮಗನಲ್ಲವೇ ನಾನು? "ಲಿಂಬೆ ಸ್ವಲ್ಪ ಹೆಚ್ಚಾಯ್ತು" ಅಂದೆ. ಅವನು ಕೈಯಲ್ಲಿದ್ದ ಬಟ್ಟೆಯಿಂದ ನನ್ನ ಬೆನ್ನಿಗೆ ಹೊಡೆದ.

ಅಂದಿನಿಂದ ನಾನು ಬಲಗೈ ಎತ್ತಲು ಕಲಿತೆ. ಕಷ್ಟವಾಗುತ್ತಿತ್ತು. ಎಷ್ಟೋ ಸಲ ಎರಡೂ ಕೈ ಎದ್ದು, ಪ್ರವಾಸಿಗರು ನಾನು ದೇವರಿಗೆ ಮೊರೆಯಿಡುತ್ತಿದ್ದೇನೆಂದು ತಿಳಿದರು. ಹೊಟ್ಟೆಕಿಚ್ಚು ಹೋಯಿತು ಎಂದರೆ ನಂಬಬೇಡಿ. ನಾನೇ ಕಳಿಸಿದವರು ಹಿಂದಿರುಗಿ ಬಂದು ಹಮೀದನನ್ನು ಕೊಂಡಾಡಿದರೆ ಆಗಲೂ ಒಳಗೆ ಚುರ್ ಎನ್ನುತ್ತಿತ್ತು. ಆದರೆ ಅದರ ಜೊತೆಗೆ ಬದುಕುವುದು ಅಭ್ಯಾಸವಾಯಿತು, ಲಾಡ್ಜಿನ ಸೊಳ್ಳೆಗಳ ಜೊತೆ ಆದ ಹಾಗೆ.

ಎರಡು ವರ್ಷ ಕಳೆಯಿತು. ಅಪ್ಪನ ಮೊಣಕಾಲು ಕೈಕೊಟ್ಟಿತು. ಏರಿಯ ಮೇಲೆ ನಡೆಯಲಾಗದು, ಆಟೋದಲ್ಲಿ ಕುಲುಕಲಾಗದು. ಹಮೀದ್ ಫ್ಲಾಸ್ಕಿನಲ್ಲಿ ಚಾ ಕಳಿಸಿದ. "ಫ್ಲಾಸ್ಕಿನ ಚಾ ಆಸ್ಪತ್ರೆಯ ಚಾ" ಎಂದು ಅಪ್ಪ ಮುಟ್ಟಲಿಲ್ಲ. ಸಂಜೆ ನಾಲ್ಕೂವರೆಗೆ ಮನೆಯಿಂದ ನಾಲ್ಕು ಹೆಜ್ಜೆಯ ಲಾಡ್ಜಿನ ಜಗಲಿಗೆ ಕೋಲೂರಿಕೊಂಡು ಬಂದು ಆಚೆ ದಡ ನೋಡುತ್ತಾ ಕೂರುತ್ತಿದ್ದರು. ಹೀಗೆ ಹತ್ತು ದಿನ ನೋಡಿ, ಹನ್ನೊಂದನೆಯ ದಿನ ನಾನು ಹಂಸದ ಬೋಟೊಂದನ್ನು ನಮ್ಮ ಮೆಟ್ಟಿಲಿಗೆ ತರಿಸಿದೆ.

"ಎಂತ ಇದು?" ಎಂದರು ಅಪ್ಪ.

"ಆಚೆ ಹೋಗುವ."

"ನಾನು ಬಾತುಕೋಳಿ ಮೇಲೆ ಕೂರುವುದಾ?"

ನಾನು ತುಳಿಯುತ್ತೇನೆ, ಸ್ಟೇರಿಂಗು ನೀವು ಹಿಡಿಯಬೇಕು ಎಂದೆ. ಸ್ಟೇರಿಂಗ್ ಎಂಬ ಶಬ್ದ ಕೇಳಿ ಅಪ್ಪನ ಕುತ್ತಿಗೆ ನೆಟ್ಟಗಾಯಿತು. ಪುಷ್ಪಾಳೂ ನಾನೂ ಹಿಡಿದು ಕೂರಿಸಿದೆವು. ಆ ಸಣ್ಣ ಕಬ್ಬಿಣದ ಹಿಡಿಯನ್ನು ಅಪ್ಪ ಎರಡೂ ಕೈಯಲ್ಲಿ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿ, "ರೈಟ್ ಹೇಳು" ಎಂದರು. ನಾನು ಕಂಡಕ್ಟರನ ಹಾಗೆ ಹಂಸದ ಬೆನ್ನಿಗೆ ಎರಡು ತಟ್ಟಿ, "ರೈಟ್!" ಎಂದೆ. ಕೆರೆಯ ನಡುವೆ ಇನ್ನೊಂದು ಹಂಸದಲ್ಲಿ ಹೊಸ ಜೋಡಿಯೊಂದು ಅಡ್ಡ ಬಂದಾಗ ಅಪ್ಪ, "ಸೈಡ್ ಕೊಡಿ, ಸೈಡ್!" ಎಂದು ಕೂಗಿದ ಕೂಗಿಗೆ ಅವರು ಕೈ ಕೈ ಹಿಡಿದದ್ದನ್ನು ಬಿಟ್ಟು ದಡದವರೆಗೂ ತುಳಿದರು.

ಹಮೀದ್ ಹಿಂಬದಿಯ ಕಲ್ಲಿನ ಮೆಟ್ಟಿಲಿನಲ್ಲಿ ಕಾಯುತ್ತಿದ್ದ. ಅಪ್ಪನನ್ನು ಇಬ್ಬರೂ ಎತ್ತಿದಂತೆ ಮಾಡಿ ಕಿಟಕಿಯ ಮೇಜಿಗೆ ತಂದೆವು. ಚಾ ಬಂತು. ಅಪ್ಪ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಒಂದು ಗುಟುಕು. ಇನ್ನೊಂದು ಗುಟುಕು. ಹಮೀದ್ ಒಂದು ಕಡೆ, ನಾನು ಒಂದು ಕಡೆ. ನನಗೆ ಕಾಲಿನ ಮಾಂಸಖಂಡ ಹಿಡಿದುಕೊಂಡಿತ್ತು. ಇಷ್ಟು ತುಳಿದು ತಂದವನಿಗೆ ಇವತ್ತಾದರೂ ಏನಾದರೂ ಹೇಳಬಹುದೆಂದು ಅಪ್ಪನ ಬಾಯಿಯನ್ನೇ ನೋಡುತ್ತಿದ್ದೆ. ಹಮೀದನೂ ಅದನ್ನೇ ನೋಡುತ್ತಿದ್ದ. ಅಪ್ಪ ಹೊಗಳಬೇಕಾದರೆ ಹೊಗಳಿಸಿಕೊಳ್ಳುವವನು ಎದುರಿಗಿರಬಾರದು ಎಂಬುದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಅಪ್ಪ ಲೋಟ ಖಾಲಿ ಮಾಡಿ, ಮೀಸೆ ಒರೆಸಿಕೊಂಡು, ತೃಪ್ತಿಯಿಂದ ಹೊರಗೆ ನೋಡಿದರು. ಹೇಳಿದರು:

"ಬೋಟಿನ ಗೇಟಿನ ಹತ್ತಿರ ಕಮಲ ಅಂತ ಒಬ್ಬಳು ಹೊಸತು ಒಲೆ ಇಟ್ಟಿದ್ದಾಳೆ. ಪುಷ್ಪಾ ಮೊನ್ನೆ ತಂದಿದ್ದಳು. ಗೋಳಿಬಜೆ ಅಂದ್ರೆ ಅದು!"

ನಾನು ಹಮೀದನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ.

ಮರುದಿನ ಮಧ್ಯಾಹ್ನ ಹಮೀದ್ ಹೋಟೆಲನ್ನು ಅರ್ಧ ಗಂಟೆ ನಿಜವಾಗಿಯೂ ಬಂದ್ ಮಾಡಿದ. ನಾನು ಲಾಡ್ಜಿನ ಮೇಜಿನ ಮೇಲೆ ಈಗ ಬರುತ್ತೇನೆ ಎಂಬ ಚೀಟಿ ಇಟ್ಟೆ. ಬೋಟಿನ ಗೇಟಿನ ಹತ್ತಿರ ತೆಂಗಿನ ಗರಿಯ ಚಪ್ಪರ, ಅ‌ದರಡಿಯಲ್ಲಿ ಬಾಣಲೆಯ ಮುಂದೆ ಕಮಲಕ್ಕ. ಕಾಗದದಲ್ಲಿ ಬಿಸಿಬಿಸಿ ಗೋಳಿಬಜೆ ಸುರಿದು ಕೊಟ್ಟರು. ಹಮೀದ್ ಒಂದನ್ನು ಎರಡಾಗಿ ಮುರಿದು ಮೂಸಿದ. ನಾನು ಚಟ್ನಿಯನ್ನು ಬೆರಳಿನಲ್ಲಿ ನೆಕ್ಕಿದೆ. ಇಬ್ಬರೂ ಕೊನೆಯ ಚೂರಿನವರೆಗೆ ಮುಗಿಸಿದೆವು.

"ಹೇಗುಂಟು?" ಎಂದು ಕಮಲಕ್ಕ ಕೇಳಿದರು.

"ಪರವಾಗಿಲ್ಲ" ಎಂದೆವು, ಇಬ್ಬರೂ ಒಟ್ಟಿಗೆ.

ಏರಿಯ ಮೇಲೆ ಸ್ವಲ್ಪ ದೂರ ಬಂದ ಮೇಲೆ ಹಮೀದ್ ನಿಂತ. ಹಿಂದೆ ತಿರುಗಿ ನೋಡಿದ. "ಜಯಂತ, ಸೇಸಪ್ಪಣ್ಣನ ಹತ್ತಿರ ಹೇಳ್ಬೇಡ. ಒಳ್ಳೆದುಂಟು."

"ಇನ್ನೊಂದು ಪೊಟ್ಟಣ ತರುವಾ?"

"ನೀನೇ ಹೋಗು ಮಾರಾಯ" ಎಂದ. "ಹೋಟೆಲಿನವ ನಾನು ಹೋದ್ರೆ ಕಮಲಕ್ಕನಿಗೆ ಗೊತ್ತಾಗ್ತದೆ."